ದಳವಾಯಿಯ ತಂಗಿ

ಮಾಕಳಿ
೧೪ ಜೂನ್ ೨೦೨೪

ರಂಜನಿಗೆ,

ನಿನ್ನ ನಂಬರನ್ನ ನಾನು ಬ್ಲಾಕ್ ಮಾಡಿದೀನಿ, ತೆಗೆಯೋ ಯೋಚನೇನೂ ಇಲ್ಲ. ಬರೆಯೋಳಿಗೆ ಬರೆದೇ ಹೇಳೋಣ ಅಂತ ಈ ಕಾಗದ. ಕ್ಷೇಮವಾ, ಸೌಖ್ಯವಾ ಅಂತ ಕೇಳ್ತಾ ಕೂರೋಕೆ ನನಗೆ ಪುರುಸೊತ್ತಿಲ್ಲ. ಇನ್ನೊಂದು ಗಳಿಗೆಗೆ ಪೀಣ್ಯದ ಬಸ್ಸು ಹಿಡಿದು ಆಫೀಸಿಗೆ ಓಡಬೇಕು.

ನಿನ್ನ ಧಾರಾವಾಹಿ ವಿಷಯ. ಪ್ರತಿ ಗುರುವಾರ ವಾರಪತ್ರಿಕೆಯಲ್ಲಿ ಬರ್ತಿದೆಯಲ್ಲ, 'ಕರಿಕಲ್ಲುದುರ್ಗದ ಹೊನ್ನಾಜಿ', ಪಾಳೆಯಗಾರರ ಕಾಲದ ಪ್ರೇಮಕಥೆ ಅಂತ. ಯಾರ ಕಿವಿ ಮೇಲೆ ಹೂವಿಡ್ತೀಯ? ದಳವಾಯಿ ಚಿಕ್ಕರಾಯ ಹೆಂಡತೀನ, ಹೆತ್ತ ತಾಯೀನ, ಎಳೇ ಮಗಳನ್ನ ಬಿಟ್ಟು ಗಡಿಯಾಚೆ ಇನ್ನೊಬ್ಬಳ ಹಿಂದೆ ಹೋಗ್ತಾನೆ. ಹೆಂಡತಿ ಹೊನ್ನಾಜಿ ಅತ್ತೇನ ಇಟ್ಕೊಂಡು ಕೋಟೆ ಕಾಯ್ತಾಳೆ. ಹದಿಮೂರು ವರ್ಷ ಆದ ಮೇಲೆ ಅವನಿಗೆ ಪಶ್ಚಾತ್ತಾಪ ಆಗುತ್ತೆ. ಹೊನ್ನಾಜಿಗೆ ಎಡಗಲ್ಲದ ಮೇಲೆ ಮಚ್ಚೆ ಬೇರೆ ಇಟ್ಟಿದೀಯ. ಮಚ್ಚೆನಾದರೂ ಬಲಕ್ಕೆ ಇಡಬಾರದಿತ್ತಾ?

ಚಿಕ್ಕರಾಯ ಅಂದರೆ ನಿನ್ನ ಅಣ್ಣ ಕೃಷ್ಣಸ್ವಾಮಿ, ಹೊನ್ನಾಜಿ ಅಂದರೆ ನಾನು ಅಂತ ನಮ್ಮ ಕಡೆ ನಾಯಿಗೂ ಗೊತ್ತಾಗುತ್ತೆ. ಗೊತ್ತಾಗೂ ಇದೆ. ಸುಕೃತಿ ಮದುವೆ ನಿಶ್ಚಯ ಆಗಿರೋದು ನಿನಗೆ ಗೊತ್ತಲ್ಲ, ಕುಂದಲಹಳ್ಳಿಯ ಲಿಖಿತ್ ಜೊತೆ. ಆ ಹುಡುಗನ ತಾಯಿ ವನಜಾ ನಿನ್ನ ಕಥೆ ಅಂದರೆ ಪ್ರಾಣ ಬಿಡ್ತಾರೆ. ಮೊನ್ನೆ ಮಾತುಕತೆಗೆ ಬಂದವರು ನನ್ನ ಕೈ ಹಿಡ್ಕೊಂಡು, ಸೀತಾ ಅವರೇ, ದಳವಾಯಿ ವಾಪಸು ಬರ್ತಿದಾನೆ, ನಿಮ್ಮ ಯಜಮಾನರೂ ಬಂದು ಧಾರೆ ಎರೆದುಕೊಡ್ತಾರೆ ಬಿಡಿ ಅಂದರು. ನಾನು ಕಾಫಿ ತರ್ತೀನಿ ಅಂತ ಎದ್ದು ಹೋದೆ.

ಅದಕ್ಕೇ ಹೇಳ್ತಿದೀನಿ. ನವೆಂಬರ್‌ನಲ್ಲಿ ನನ್ನ ಮಗಳ ಕೈಗೆ ನೀರೆರೆಯೋಳು ನಾನು. ಅವಳ ಅಪ್ಪ ಆ ಮಣೆ ಮೇಲೆ ಕೂರಲ್ಲ. ನಿನ್ನ ಕಥೆ ನಿಲ್ಲಿಸು, ಇಲ್ಲ ದಳವಾಯಿನ ಹೊಳೆಗೆ ಬಿಸಾಕು. ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು.

ಸೀತಾ


ಎಲೆಕ್ಟ್ರಾನಿಕ್ ಸಿಟಿ
೨೪ ಜೂನ್ ೨೦೨೪

ಅತ್ತಿಗೆಗೆ ನಮಸ್ಕಾರ. ನಮಸ್ಕಾರಕ್ಕೆ ಕೋಪ ಅಡ್ಡ ಬರಬಾರದು ಅಂತ ನನ್ನ ತಾಯಿ ಕಲಿಸಿದಾಳೆ.

ನಿಮ್ಮ ಕಾಗದ ಓದಿ ನಗಬೇಕೋ ಅಳಬೇಕೋ ತಿಳೀಲಿಲ್ಲ. ಕಾದಂಬರಿಯನ್ನ ಕಾದಂಬರಿ ಅಂತ ಓದೋಕೆ ಬರದಿದ್ದರೆ ನಾನೇನು ಮಾಡಲಿ? ಕುಂಬಳಕಾಯಿ ಕಳ್ಳ ಅಂದರೆ ನೀವ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ತೀರಿ? ಗಲ್ಲದ ಮೇಲೆ ಮಚ್ಚೆ ಇರೋ ಹೆಂಗಸರು ಕರ್ನಾಟಕದಲ್ಲಿ ನೀವೊಬ್ಬರೇ ಅಲ್ಲ.

ಈ ಥರದ ಕಥೆಗೆ ಅದರದ್ದೇ ಒಂದು ಧರ್ಮ ಇದೆ, ಅತ್ತಿಗೆ. ತಪ್ಪು ಮಾಡಿದ ಗಂಡು ಕುದುರೆ ಕಳಕೊಂಡು, ಗಾಯ ಹೊತ್ತು, ಬರಿಗಾಲಲ್ಲಿ ಮನೆ ದಾರಿ ಹಿಡೀಬೇಕು. ದನ ಕಾಯೋರ ಹತ್ತಿರ ಅಂಬಲಿ ಬೇಡಿ ಕುಡೀಬೇಕು. ಹೆಣ್ಣು ದೀಪ ಹಿಡಿದು ಬಾಗಿಲಿಗೆ ಬರಬೇಕು. ಓದೋರು ಆ ಒಂದು ದೀಪಕ್ಕೋಸ್ಕರ ಮೂವತ್ತು ವಾರ ಕಾಯ್ತಾರೆ. ಅವರ ಮನೆಗಳಲ್ಲಿ ಬಿಟ್ಟು ಹೋದವರು ಯಾರೂ ಬಂದಿರಲ್ಲ. ಇಲ್ಲಾದರೂ ಬರಲಿ ಅಂತ ಆಸೆ. ನಾನು ಅದನ್ನ ಕೊಡ್ತೀನಿ, ಅದರಲ್ಲಿ ನನಗೆ ನಾಚಿಕೆ ಇಲ್ಲ.

ನಿಮ್ಮನ್ನೇ ಬರೆದಿದೀನಿ ಅಂತಲೇ ಇಟ್ಕೊಳ್ಳಿ. ರಾಣಿ ಹಾಗೆ ಬರೆದಿದೀನಿ. ಆನೆ ಬಂದರೂ ಜಗ್ಗದ ಹೆಂಗಸು ಅಂತ ಬರೆದಿದೀನಿ. ಅದಕ್ಕೆ ಬೈಗುಳ.

ಅಣ್ಣ ಹೋದ ತಿಂಗಳು ನಮ್ಮ ಮನೆಗೆ ಬಂದಿದ್ದ. ಸೋಫಾದ ತುದೀಲಿ ಕೂತಿದ್ದ, ಪೂರ್ತಿ ಒರಗಲಿಲ್ಲ. ಕೂದಲೆಲ್ಲ ಬೆಳ್ಳಗಾಗಿದೆ. ಮನೆ ಬೇಡ, ಜೊತೆ ಬೇಡ, ಮಗಳ ಧಾರೆಗೆ ಒಂದು ಗಳಿಗೆ ಮಣೆ ಮೇಲೆ ಕೂತು ಎದ್ದು ಹೋಗ್ತೀನಿ ಅಂದ. ಅಷ್ಟೂ ಕೊಡೋಕೆ ಆಗಲ್ವಾ ನಿಮಗೆ? ಅಮ್ಮನಿಗೂ ಎಂಬತ್ತೆರಡಾಯ್ತು. ಗುರುವಾರ ಯಾವಾಗ ಬರುತ್ತೋ ಅಂತ ಕಾಯ್ತಾಳೆ ಅಂತ ಸುಕೃತಿ ಹೇಳಿದಳು. ಅಮ್ಮನ ಮನಸ್ಸಲ್ಲಿ ಏನಿದೆ ಅಂತ ಅದರಲ್ಲೇ ತಿಳ್ಕೋಬಹುದು.

ಕಥೆ ನಿಲ್ಲಿಸಲ್ಲ.

ರಂಜನಿ


ಮಾಕಳಿ
೨ ಜುಲೈ ೨೦೨೪

ರಂಜನಿಗೆ,

ಮೊದಲು ಆ ಕುಂಬಳಕಾಯಿ. ಕುಂಬಳಕಾಯಿ ನಂದು, ಕದ್ದೋಳು ನೀನು. ನಾನು ಹೆಗಲು ಮುಟ್ಟಿ ನೋಡ್ಕೊಳ್ತಿಲ್ಲ, ನನ್ನ ಹಿತ್ತಲು ನೋಡ್ಕೊಳ್ತಿದೀನಿ.

ಅತ್ತೆ ಗುರುವಾರಕ್ಕೆ ಕಾಯ್ತಾರೆ ಅಂತ ಬರೆದೆಯಲ್ಲ. ಅವರಿಗೆ ಕಣ್ಣು ಮಂಜಾಗಿ ಎರಡು ವರ್ಷ ಆಯ್ತು. ನಿನ್ನ ಕಥೇನ ಅವರಿಗೆ ಯಾರು ಓದಿ ಹೇಳ್ತಾರೆ ಅಂದ್ಕೊಂಡೆ? ಕೆಲಸ ಮುಗಿಸಿ ಬಂದು, ಅನ್ನಕ್ಕಿಟ್ಟು, ಅವರ ಮಂಚದ ಪಕ್ಕ ಕುರ್ಚಿ ಹಾಕ್ಕೊಂಡು ನಾನೇ ಓದೋದು. ಹೊನ್ನಾಜಿಯ ಎದೆ ಕರಗಿತು, ಹೊನ್ನಾಜಿಯ ಕಣ್ಣಂಚು ಒದ್ದೆಯಾಯಿತು, ಎಲ್ಲ ನನ್ನ ಬಾಯಲ್ಲೇ ಹೇಳಿಸ್ತೀಯ. ಮಗಳು ಬರೆದಿದ್ದು ಅಂತ ಅವರಿಗೆ ಆಸೆ, ಇಲ್ಲ ಅನ್ನೋಕೆ ನನಗೆ ಬಾಯಿ ಬರಲ್ಲ. ಇದು ಯಾವ ಜನ್ಮದ ಸೇಡು ನಿಂದು?

ನಿನ್ನ ಕಥೇಲಿ ಆ ಇನ್ನೊಬ್ಬಳು ಸಿಡುಬು ಬಂದು ಸತ್ತಳು. ನಿಮ್ಮಣ್ಣ ಹಿಂದೆ ಹೋದ ಅತ್ತಿಬೆಲೆ ಹೆಂಗಸಿಗೆ ಸಿಡುಬು ಬರಲಿಲ್ಲ, ಬುದ್ಧಿ ಬಂತು. ಹೋದ ವರ್ಷ ನಿಮ್ಮಣ್ಣನ್ನ ಹೊರಗೆ ಹಾಕಿ ಹೊಸೂರಿಗೆ ಅವಳ ತಾಯಿ ಮನೆಗೆ ಹೋದಳು. ಆಮೇಲೆ ತಾನೇ ಇವರಿಗೆ ಬರಿಗಾಲು, ಗಾಯ, ಅಂಬಲಿ ಎಲ್ಲ? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವಳು ಇಟ್ಕೊಂಡಿದ್ದರೆ ಇವರಿಗೆ ಮಗಳ ಧಾರೆ ನೆನಪಾಗ್ತಿತ್ತಾ? ಇದನ್ನ ನಿನ್ನ ಕಥೇಲಿ ಯಾರೂ ಕೇಳಲ್ಲ.

ದೂರ ದೇಶಕ್ಕೇನು ಹೋಗಿರಲಿಲ್ಲ ನಿಮ್ಮಣ್ಣ. ಇದೇ ಊರಿನ ಆ ತುದಿ. ಬೆಳಿಗ್ಗೆ ಚಿತ್ರಾನ್ನದ ಡಬ್ಬಿ ತಗೊಂಡು ಕೆಲಸಕ್ಕೆ ಅಂತ ಹೋದರು. ಬಸ್ಸಲ್ಲಿ ಕೂತರೆ ಸಂಜೆಯೊಳಗೆ ಬಂದು ಮುಖ ತೋರಿಸಿ ಹೋಗಬಹುದಿತ್ತು. ಮಾವ ತೀರಿಕೊಂಡಾಗ ಬಂದರು, ಹನ್ನೆರಡನೇ ದಿನ ಎದ್ದು ಹೋದರು.

ಇನ್ನೊಂದು. ನಿನ್ನ ಕಥೇನ ಇಪ್ಪತ್ತು ವಾರದಿಂದ ಓದ್ತಿದೀನಿ. ತಾಯಿ ಇದಾಳೆ, ಹೆಂಡತಿ ಇದಾಳೆ, ಮಗಳು ಇದಾಳೆ, ಕುದುರೆಗೂ ಹೆಸರಿದೆ. ದಳವಾಯಿಗೆ ತಂಗಿ ಮಾತ್ರ ಇಲ್ಲ. ಎಲ್ಲಿ ಹೋದಳು ತಂಗಿ? ಅಣ್ಣ ಇನ್ನೊಂದು ಮನೆ ಮಾಡಿದಾಗ ಗೃಹಪ್ರವೇಶಕ್ಕೆ ರೇಷ್ಮೆ ಸೀರೆ ಉಟ್ಕೊಂಡು ಹೋಗಿ ಊಟ ಮಾಡಿ, ತಾಂಬೂಲ ತಗೊಂಡು ಬಂದೋಳು? ಆ ಫೋಟೋ ನನಗೆ ಎರಡು ತಿಂಗಳಾದ ಮೇಲೆ ಸಿಕ್ತು. ಅಲ್ಲಿಯ ತನಕ ನೀನು ನನಗೆ ಫೋನ್ ಮಾಡಿ, ಅಣ್ಣನ ಸುದ್ದಿ ಏನಾದರೂ ಗೊತ್ತಾಯ್ತಾ ಅತ್ತಿಗೆ ಅಂತ ಕೇಳ್ತಿದ್ದೆ.

ಬರೀತೀಯಾ ಆ ತಂಗೀನ?

ಸೀತಾ


ಎಲೆಕ್ಟ್ರಾನಿಕ್ ಸಿಟಿ
೧೯ ಆಗಸ್ಟ್ ೨೦೨೪

ಅತ್ತಿಗೆ,

ನಿಮ್ಮ ಹಿಂದಿನ ಕಾಗದಕ್ಕೆ ಉತ್ತರ ಬರೆಯಬಾರದು ಅಂತಲೇ ಇದ್ದೆ. ಈಗ ಬರೀಲೇಬೇಕು.

ವರಮಹಾಲಕ್ಷ್ಮಿ ಹಬ್ಬದ ದಿನ ಅಮ್ಮ ಸುಕೃತಿ ಫೋನಿಂದ ನನ್ನ ಹತ್ತಿರ ಮಾತಾಡಿದಳು. ಹಬ್ಬದ ಮಾತು ಎರಡೇ, ಮಿಕ್ಕಿದ್ದೆಲ್ಲ ನನ್ನ ಕಾದಂಬರಿ. ದಳವಾಯಿ ಕೋಟೆ ಮುಂದೆ ಬಂದು ನಿಂತಾಗ ಹೊನ್ನಾಜಿ ಮೇಲಿಂದ ಹಗ್ಗಕ್ಕೆ ಕಟ್ಟಿ ಒಂದು ಚೆಂಬು ನೀರು ಇಳಿಬಿಟ್ಟಳಲ್ಲ, ಬಾಗಿಲು ಮಾತ್ರ ತೆಗೀಲಿಲ್ಲವಲ್ಲ, ಭಾರಿ ಚೆನ್ನಾಗಿ ಬರೆದೆ ಕಣೇ ಅಂದಳು. ನಾನು ಎಲ್ಲಿ ಬರೆದೆ? ನನ್ನ ಕಥೇಲಿ ದಳವಾಯಿ ಇನ್ನೂ ಕಾವೇರಿ ದಾಟಿಲ್ಲ. ಕಾಡಲ್ಲಿ ಹಾಳೂ ಮೂಳೂ ತಿಂದು ಅವನಿಗೆ ಹೊಟ್ಟೆ ಕೆಟ್ಟಿದ್ದು ನೆನೆಸಿಕೊಂಡರೆ ಈಗಲೂ ನಗು ಬರುತ್ತೆ ಅಂದಳು. ಆಮೇಲೆ, ಆ ತಂಗಿ ಪಾತ್ರ ಇದೆಯಲ್ಲ, ಅವಳು ಹಾವಿನಂಥವಳು, ಅವಳನ್ನ ಎಲ್ಲಿಂದ ತಂದೆ ಅಂತ ಕೇಳಿದಳು.

ನನಗೆ ಮೈಯೆಲ್ಲ ಉರಿದು ಹೋಯ್ತು. ನನ್ನ ಹೆಸರಿಟ್ಟು, ನನ್ನ ತಾಯಿಗೆ, ನಾನು ಬರೆಯದೇ ಇರೋ ಕಥೆ ಓದ್ತಿದೀರಾ? ಕಣ್ಣು ಕಾಣದ ಮುದುಕಿಗೆ ಮೋಸ ಮಾಡೋಕೆ ನಿಮಗೆ ಮನಸ್ಸಾದರೂ ಹೇಗೆ ಬಂತು? ಮೂವತ್ತು ವರ್ಷದಿಂದ ಬರೀತಿದೀನಿ. ಸಂಪಾದಕರು ಕೂಡ ಕೇಳದೆ ಒಂದು ಸಾಲು ಕತ್ತರಿಸಲ್ಲ. ನೀವು ಅಡುಗೆಮನೆಯಿಂದ ಎದ್ದು ಬಂದು ನನ್ನ ಇಡೀ ಕೋಟೇನೇ ಕೆಡವಿ ಹಾಕಿದೀರಿ.

ನಿಜ ಹೇಳ್ತೀನಿ ಅವಳಿಗೆ. ಇನ್ನೊಂದು ಗುರುವಾರ ಹೀಗಾದರೆ ಫೋನ್ ಮಾಡಿ ಹೇಳಿಬಿಡ್ತೀನಿ, ನಿನ್ನ ಸೊಸೆ ಸುಳ್ಳಿ ಅಂತ.

ರಂಜನಿ


ಮಾಕಳಿ
೨೬ ಆಗಸ್ಟ್ ೨೦೨೪

ರಂಜನಿಗೆ,

ಹೇಳು. ಯಾರು ಬೇಡ ಅಂದರು? ನನ್ನ ಫೋನಿಗೆ ಬರಲ್ಲ ನಿನ್ನ ಕರೆ, ಸುಕೃತಿ ಫೋನಿಗೆ ಮಾಡು. ಅಮ್ಮ, ನಿನ್ನ ಸೊಸೆ ಸುಳ್ಳಿ, ನಿಜವಾದ ಕಥೇಲಿ ಹೊನ್ನಾಜಿ ದೀಪ ಹಿಡ್ಕೊಂಡು ಬಂದು ಕಾಲಿಗೆ ಬೀಳ್ತಾಳೆ ಅಂತ ಹೇಳು. ಹೇಳೋಕೆ ಧೈರ್ಯ ಇದ್ದರೆ.

ನಾನು ಬೇಕು ಅಂತ ಶುರು ಮಾಡಲಿಲ್ಲ. ಜುಲೈನಲ್ಲಿ ಒಂದು ಗುರುವಾರ, ನೀನು ಬರೆದಿದ್ದೆ, 'ಇಷ್ಟು ವರ್ಷಗಳ ಮೌನ ಅವಳಿಗೀಗ ಹಗುರವೆನಿಸಿತು' ಅಂತ. ಅದನ್ನ ನೋಡ್ದೆ. ಬಾಯಿ ಬರಲಿಲ್ಲ ಕಣೇ. ಹಗುರವಂತೆ! ನನ್ನ ಬಾಯಿ ತಾನೇ ತಾನಾಗಿ, ಇಷ್ಟು ವರ್ಷದ ಮೌನ ಅವಳ ಹೊಟ್ಟೇಲಿ ಕಲ್ಲಾಗಿತ್ತು ಅಂತ ಓದಿತು. ಅತ್ತೆ, ಮುಂದೆ ಓದು ಅಂದರು. ಮುಂದೆ ನಿನ್ನ ಪುಸ್ತಕದಲ್ಲಿ ಏನಿತ್ತೋ ನಾನು ನೋಡಲೇ ಇಲ್ಲ, ಹಾಳೆ ಮಾತ್ರ ತಿರುಗಿಸ್ತಾ ಹೋದೆ.

ಅವತ್ತಿಂದ ಹಾಗೇ ನಡೀತಿದೆ. ನಿನ್ನ ದಳವಾಯಿ ಹುಣ್ಣಿಮೇಲಿ ಕೂತು ನಿಟ್ಟುಸಿರು ಬಿಡ್ತಿದ್ದರೆ, ನನ್ನವನು ಚರಿಗೆ ಹಿಡ್ಕೊಂಡು ಪೊದೆಗೂ ದಾರಿಗೂ ಓಡಾಡ್ತಿದ್ದ. ಅತ್ತೆ ನಕ್ಕೂ ನಕ್ಕೂ ಕೆಮ್ಮು ಬಂತು, ಬೆನ್ನು ಸವರಿದೆ. ಹೊನ್ನಾಜಿಗೆ ಕೋಪ ಕೊಟ್ಟೆ, ನೀನು ಕೊಟ್ಟಿರಲಿಲ್ಲ. ರಾಣಿ ಹಾಗೆ ಬರೆದಿದೀನಿ ಅಂತೀಯ. ಕೋಪ ಬರದ ರಾಣಿ ಯಾವಳೇ? ಮಗಳಿಗೆ ಜ್ವರ ಬಂದ ರಾತ್ರಿ ಅವಳು ಒಬ್ಬಳೇ ವೈದ್ಯರ ಮನೆ ಹುಡುಕ್ಕೊಂಡು ಹೋಗಿದ್ದು, ಊರ ಹೆಂಗಸರು ಅರಿಶಿನ ಕುಂಕುಮಕ್ಕೆ ಕರೆದು ಕೊನೇಲಿ ಕೂರಿಸಿದ್ದು, ಗಂಡನ ವಿಷಯ ಕೇಳಿದವರಿಗೆಲ್ಲ ನಾನು ಟೂರ್ ಮೇಲೆ ಹೋಗಿದಾರೆ ಅಂತಿದ್ದ ಥರ, ಯುದ್ಧಕ್ಕೆ ಹೋಗಿದಾರೆ ಅಂದಿದ್ದು, ಎಲ್ಲ ಸೇರಿಸಿದೆ. ಎಲ್ಲಿಂದ ತಂದೆ ಅಂತ ನಿನಗೆ ಹೇಳಬೇಕಾಗಿಲ್ಲ.

ತಂಗೀನೂ ತಂದೆ. ಹೆಸರಿಡಲಿಲ್ಲ, ಅಷ್ಟು ಮರ್ಯಾದೆ ಉಳಿಸಿದೀನಿ.

ಮೂವತ್ತು ವರ್ಷ ಬರೆದಿದೀಯ, ಒಪ್ಪಿದೆ. ನಾನು ಅಷ್ಟೂ ವರ್ಷ ಬದುಕಿದೀನಿ.

ಸೀತಾ


ಎಲೆಕ್ಟ್ರಾನಿಕ್ ಸಿಟಿ
೯ ಸೆಪ್ಟೆಂಬರ್ ೨೦೨೪

ಅತ್ತಿಗೆ,

ಈ ಭಾನುವಾರ ಅಣ್ಣ ಮಾಕಳಿಗೆ ಬರ್ತಿದಾನೆ. ನಾನೇ ಹೋಗು ಅಂದೆ. ಸುಕೃತಿನೂ ಕರೆದಿದಾಳೆ ಅನ್ನೋದು ನಿಮಗೆ ಗೊತ್ತಿರಲಿ. ಅವಳೇ ನನ್ನ ಹತ್ತಿರ ಹೇಳಿದಳು, 'ನಮ್ಮಮ್ಮ ಒಪ್ಪಿಬಿಟ್ಟಿದಾಳೆ ಅತ್ತೆ, ಗುರುವಾರ ಗುರುವಾರ ಎಷ್ಟು ಆಸೆಯಿಂದ ಓದ್ತಾಳೆ ಗೊತ್ತಾ, ಮುಖ ಎಲ್ಲ ಕೆಂಪಾಗಿರುತ್ತೆ' ಅಂತ. ಅದನ್ನೇ ಅವಳು ಅಪ್ಪನಿಗೂ ಹೇಳಿದಾಳೆ. ಅವನು ಅದೇ ನಂಬಿಕೆ ಮೇಲೆ ಬರ್ತಿದಾನೆ. ವನಜಾ ಅವರೂ ಇರ್ತಾರೆ.

ನಿಮ್ಮ ಆಟ ನಿಮಗೇ ತಿರುಗಿಕೊಂಡಿದೆ, ನೋಡಿ. ಅಷ್ಟು ಜನರ ಮುಂದೆ ಅಮ್ಮ ತಾನೇ ಬಾಯಿ ಬಿಟ್ಟು, ಮಗ ಮಣೆ ಮೇಲೆ ಕೂರಲಿ ಅಂದರೆ ಆಗ ಏನು ಓದ್ತೀರಿ? ಅಮ್ಮ ತಾಯಿ, ಅತ್ತಿಗೆ. ನೀವು ಏನೇ ಓದಿ, ಹೆತ್ತ ಹೊಟ್ಟೆ ಬಾಗಿಲು ಹಾಕಲ್ಲ.

ರಂಜನಿ


ಮಾಕಳಿ
೧೭ ಸೆಪ್ಟೆಂಬರ್ ೨೦೨೪

ರಂಜನಿಗೆ,

ನಿಮ್ಮಣ್ಣ ಬಂದಿದ್ದರು. ಏನಾಯ್ತು ಅಂತ ಅವರು ನಿನಗೆ ಸರಿಯಾಗಿ ಹೇಳಿರಲ್ಲ, ಅದಕ್ಕೆ ನಾನೇ ಬರೀತಿದೀನಿ.

ಮಧ್ಯಾಹ್ನಕ್ಕೆ ಬಂದರು, ಕೈಯಲ್ಲಿ ಹಣ್ಣಿನ ಚೀಲ, ನಿನ್ನ ವಾರಪತ್ರಿಕೆ. ಮದುವೆಗೆ ಹೆಣ್ಣು ನೋಡೋಕೆ ಬಂದವರ ಹಾಗೆ ಇಸ್ತ್ರಿ ಮಾಡಿದ ಶರ್ಟು. ವನಜಾ ಎದ್ದು ನಿಂತು, ಬನ್ನಿ ಬೀಗರೇ ಅಂದರು. ಅತ್ತೆ ಮಂಚದ ಮೇಲೆ ಕೂತಿದ್ದರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ, ಕೈಯಲ್ಲಿ ಸೌಟು.

ವನಜಾನೇ ಮಾತು ತೆಗೆದರು. ಅಮ್ಮಾ, ಧಾರೆಗೆ ಮಗ ಸೊಸೆ ಜೋಡಿಯಾಗಿ ಕೂತರೆ ಮದುವೆಗೆ ಲಕ್ಷಣ, ಹೇಗೂ ಸೀತಾ ಅವರೂ ಕಥೆ ಓದಿ ಓದಿ ಮನಸ್ಸು ಮಾಡಿದಾರೆ ಅಂದರು. ಸುಕೃತಿ ನನ್ನ ಮುಖ ನೋಡಿದಳು. ಆಗಲೇ ನನಗೆ ಹೊಳೆದಿದ್ದು. ಗುರುವಾರ ಸಂಜೆ ಆ ಹುಡುಗಿ ಆಚೆ ಕೋಣೇಲಿ ಹೆಡ್‌ಫೋನ್ ಹಾಕ್ಕೊಂಡು ಆಫೀಸಿನ ಮೀಟಿಂಗಲ್ಲಿ ಇರ್ತಾಳೆ. ನನ್ನ ಮುಖ ಕಾಣುತ್ತೆ, ಮಾತು ಕೇಳಲ್ಲ. ಅಮ್ಮ ಇಷ್ಟು ಹುರುಪಾಗಿ ಓದ್ತಿದಾಳೆ ಅಂದರೆ ಕ್ಷಮಿಸಿದಾಳೆ ಅಂತಲೇ ಅವಳು ತಿಳ್ಕೊಂಡಿದ್ದಳು. ಎಲ್ಲ ಹೇಳಿಬಿಡೋಣ ಅಂತ ಬಾಯಿ ತೆಗೆದೆ. ಅತ್ತೇ, ನಾನು ನಿಮಗೆ ಓದಿದ್ದು ಅಂತ ಶುರು ಮಾಡಿದೆ, ಮುಂದಕ್ಕೆ ಹೋಗಲಿಲ್ಲ.

ಅತ್ತೆ ಕೈ ಎತ್ತಿದರು. ಅವರು ಹೇಳಿದ್ದನ್ನ ಒಂದಕ್ಷರ ಬಿಡದೆ ಬರೀತೀನಿ.

"ನೀನು ಓದಿದ್ದು ಪುಸ್ತಕದಲ್ಲಿಲ್ಲ ಅಂತ ನನಗೆ ಎರಡನೇ ವಾರಕ್ಕೇ ಗೊತ್ತಾಯ್ತು. ರಂಜನಿ ಬರೆಯೋದು ನನಗೆ ಗೊತ್ತಿಲ್ವಾ? ಅವಳ ಕಥೇಲಿ ಯಾರಿಗೂ ಕೋಪಾನೇ ಬರಲ್ಲ. ಅವನು ಹೋದ ಮೇಲೂ ಹದಿಮೂರು ವರ್ಷ ಈ ಮನೇಲಿ ಇದೀಯ, ನನ್ನ ಮಗನ ಬಗ್ಗೆ ನನ್ನೆದುರು ಒಂದು ಕೆಟ್ಟ ಮಾತು ಆಡಿಲ್ಲ. ನಾನು ತಾಯಿ ಅಂತ ನೀನು ನುಂಗಿಕೊಂಡೆ. ಅದೆಲ್ಲ ಗುರುವಾರ ಗುರುವಾರ ಹೊರಗೆ ಬರ್ತಿತ್ತು. ನಾನ್ಯಾಕೆ ನಿಲ್ಲಿಸಲಿ?"

ವನಜಾ ಏನು ಪುಸ್ತಕ, ಏನು ವಿಷಯ ಅಂತ ಕೇಳ್ತಾನೇ ಇದ್ದರು. ಅತ್ತೆ ಮಗನ ಕಡೆ ತಿರುಗಿದರು. ಕಣ್ಣು ಸರಿಯಾಗಿ ಕಾಣಲ್ಲವಲ್ಲ, ನಿಮ್ಮಣ್ಣ ಕೆಮ್ಮಿದ ಕಡೆಗೆ ತಿರುಗಿದರು.

"ಕೃಷ್ಣ, ಊಟ ಮಾಡ್ಕೊಂಡು ಹೋಗು. ನಾನಿರೋ ತನಕ ಈ ಮನೇಲಿ ನಿನಗೆ ಎಲೆ ಉಂಟು. ಮಣೆ ಇಲ್ಲ. ಧಾರೆಗೆ ಸೀತಾ ಕೂರ್ತಾಳೆ, ಪಕ್ಕದಲ್ಲಿ ನಾನು ಕೂರ್ತೀನಿ."

ಗಂಡ ಹೋದವಳು ಮಣೆ ಮೇಲೆ ಕೂರ್ತಾಳಾ ಅಂತ ವನಜಾ ಬಾಯಿ ಮೇಲೆ ಕೈ ಇಟ್ಕೊಂಡರು. ಗಂಡ ಹೋಗಿದ್ದು ನನಗೂ ಅವಳಿಗೂ ಇಬ್ಬರಿಗೂ, ನನ್ನವರು ಸತ್ತು ಹೋದರು, ಅಷ್ಟೇ ವ್ಯತ್ಯಾಸ ಅಂದರು ಅತ್ತೆ.

ನಿನ್ನ ದಳವಾಯಿ ಆಗಿದ್ದರೆ ಕತ್ತಿ ಕೆಳಗಿಟ್ಟು ಮಂಡಿ ಊರ್ತಿದ್ದ. ನಿಮ್ಮಣ್ಣ ಕೈ ತೊಳ್ಕೊಂಡು ಬಂದು ಊಟಕ್ಕೆ ಕೂತರು. ನಾನೇ ಬಡಿಸಿದೆ. ಸಾರು ಇನ್ನೊಂದು ಸಲ ಹಾಕಿಸ್ಕೊಂಡರು. ಹೋಗುವಾಗ ಹೊಸಲ ಹತ್ತಿರ ನಿಂತು, ಸಾರು ಮೊದಲಿನ ಹಾಗೇ ಇದೆ ಅಂದರು. ಹದಿಮೂರು ವರ್ಷಕ್ಕೆ ಅವರಿಗೆ ಸಿಕ್ಕ ಮಾತು ಅದು. ನಾನು ಹೂಂ ಅಂದೆ. ಅವರ ಬೆನ್ನು ಬಾಗಿದೆ, ನೋಡಿದೆ. ಅಯ್ಯೋ ಅನ್ನಿಸ್ತು. ಅಯ್ಯೋ ಅನ್ನಿಸಿದ್ದಕ್ಕೆಲ್ಲ ಮಣೆ ಹಾಕೋಕೆ ಆಗಲ್ಲ.

ಸುಕೃತಿ ರಾತ್ರಿ ತನಕ ಅತ್ತಳು. ಬೆಳಿಗ್ಗೆ ಎದ್ದು ಬಂದು, ಅಮ್ಮ, ಆ ಕಥೇನ ನನಗೂ ಮೊದಲಿಂದ ಹೇಳು ಅಂದಳು.

ಹೆತ್ತ ಹೊಟ್ಟೆ ಅಂತ ಬರೆದಿದ್ದೆಯಲ್ಲ. ಹಬ್ಬದ ದಿನ ಅವರು ನಿನಗೆ ಫೋನ್ ಮಾಡಿದ್ದು ಯಾಕೆ ಅಂತ ಈಗ ಯೋಚನೆ ಮಾಡು. ಹಾವಿನಂಥವಳು ಅಂದಿದ್ದು ಕಥೆ ಹೊಗಳೋಕಲ್ಲ.

ಸೀತಾ


ಎಲೆಕ್ಟ್ರಾನಿಕ್ ಸಿಟಿ
೨೨ ಅಕ್ಟೋಬರ್ ೨೦೨೪

ಅತ್ತಿಗೆ,

ತಿಂಗಳ ಮೇಲಾಯ್ತು, ನೀವೂ ಬರೀಲಿಲ್ಲ, ನಾನೂ ಬರೀಲಿಲ್ಲ. ನನ್ನ ಮಗ ಅಮೋಘ್ ಮೊಬೈಲಿಗೆ ಮದುವೆ ಕರೆಯೋಲೆ ಬಂದಿದೆ. ಅವನ ಅಪ್ಪನ ಮೊಬೈಲಿಗೂ ಬಂದಿದೆ. ನನಗೆ ಬಂದಿಲ್ಲ. ಬ್ಲಾಕ್ ಆಗಿರೋದಕ್ಕೋ, ಬೇಕು ಅಂತಲೋ ಗೊತ್ತಿಲ್ಲ. ಮಗ ಗಂಡ ಇಬ್ಬರೂ ನನ್ನ ಮುಖ ನೋಡ್ತಿದಾರೆ. ಸೋದರತ್ತೆ ನಾನು. ನನಗೇ ಕರೆ ಇಲ್ಲದ ಮದುವೆಗೆ ಇವರು ಪ್ಯಾಂಟು ಶರ್ಟು ಹೊಲಿಸ್ತಿದಾರೆ.

ಅಮ್ಮನಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಮೊಮ್ಮಗಳ ಸೀರೆ, ಚಪ್ಪರ, ಹೂವು ಅಂತ ಮಾತಾಡಿ ಇಟ್ಟುಬಿಟ್ಟಳು. ಬೈಯಲಿಲ್ಲ. ಬೈದಿದ್ದರೆ ತಿರುಗಿಸಿ ಏನಾದರೂ ಅಂದಿರ್ತಿದ್ದೆ. ಅಣ್ಣನೂ ಈಗ ನಮ್ಮ ಮನೆಗೆ ಬರಲ್ಲ. ನಿನ್ನ ಕಥೆ ನಂಬಿ ಹೋಗಿ ಬೀಗರ ಮುಂದೆ ಮರ್ಯಾದೆ ಹೋಯ್ತು ಅಂದ. ನಂಬು ಅಂತ ಯಾರು ಹೇಳಿದ್ದರು ಅವನಿಗೆ ಅಂತ ರೇಗಿದೆ. ಆಮೇಲೆ ನೆನಪಾಯ್ತು, ನಾನೇ ಹೇಳಿದ್ದೆ.

ಕೊನೇ ಕಂತು ಕೊಡಬೇಕು. ಸಂಪಾದಕರು ದಿನಾ ಕೇಳ್ತಿದಾರೆ. ದಳವಾಯಿ ಬಾಗಿಲ ತನಕ ಬಂದು ನಿಂತಿದಾನೆ. ಹೊನ್ನಾಜಿ ಕೈಗೆ ದೀಪ ಕೊಡೋಕೆ ಹೋದೆ, ಅವಳು ತಗೊಳ್ಳಲಿಲ್ಲ. ಇಂಥ ಮಾತು ಬರಹಗಾರರು ಸಭೆಗಳಲ್ಲಿ ಹೇಳಿದರೆ ನನಗೆ ನಗು ಬರ್ತಿತ್ತು. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಸುಳ್ಳು ಕಾಣ್ತು. ನೀವು ಹಾಳು ಮಾಡಿದಿರಿ ನನ್ನ ಕಥೇನ. ನಿಮ್ಮದನ್ನ ಕೇಳಿದ ಮೇಲೆ ನನ್ನದು ಸಪ್ಪೆ ಆಗಿದೆ. ಇದನ್ನ ಹೇಳೋಕೂ ನನಗೆ ಹೊಟ್ಟೆ ಉರಿ.

ನಾನು ಕ್ಷಮೆ ಕೇಳ್ತಿಲ್ಲ. ಕೇಳಿದರೂ ನೀವು ಕೊಡೋರಲ್ಲ. ಒಂದೇ ಒಂದು ವಿಷಯ ತಿಳೀಬೇಕು. ನೀವು ಅಮ್ಮನಿಗೆ ಹೇಳಿದ ಕಥೇಲಿ ಆ ತಂಗಿ ಕೊನೆಗೆ ಏನಾದಳು? ಹೊನ್ನಾಜಿ ಬಾಗಿಲು ಹಾಕಿಸಿದಾಗ ಅವಳು ಎಲ್ಲಿದ್ದಳು, ಒಳಗಾ, ಹೊರಗಾ?

ಪತ್ರಿಕೆಗೆ ಅಲ್ಲ. ನನಗೇ ಬೇಕು.

ರಂಜನಿ


ಮಾಕಳಿ
೪ ನವೆಂಬರ್ ೨೦೨೪

ರಂಜನಿಗೆ,

ಕರೆಯೋಲೆ ಬೇಕು ಅಂತಲೇ ಕಳಿಸಲಿಲ್ಲ. ಅನುಮಾನ ಪಡಬೇಡ.

ದೀಪಾವಳಿ ಮುಗೀತು, ಮದುವೆ ಕೆಲಸ ಕುತ್ತಿಗೆ ತನಕ ಬಂದಿದೆ. ಪುರೋಹಿತರು ಮೊದಲು ಎಗರಾಡಿದರು. ತಂದೆ ಬದುಕಿರುವಾಗ ತಾಯಿ ಧಾರೆ ಎರೆಯೋದು ಎಲ್ಲಿ ಉಂಟು ಅಂದರು. ಅತ್ತೆ ಅವರನ್ನ ಮಂಚದ ಹತ್ತಿರ ಕರೆದು, ನಿಮ್ಮಪ್ಪ ನನ್ನ ಮದುವೆ ಮಾಡಿಸಿದವರು, ಮನೆಗೆ ಹೋಗಿ ಪುಸ್ತಕ ನೋಡ್ಕೊಂಡು ಬಾ ಅಂತ ಕಳಿಸಿದರು. ಎರಡು ದಿನ ಬಿಟ್ಟು ಬಂದು, ತಂದೆ, ತಾತ, ಅಣ್ಣತಮ್ಮ, ದಾಯಾದಿ, ಇವರೆಲ್ಲ ಆದ ಮೇಲೆ ಕೊನೇಲಿ ತಾಯಿ ಅಂತಲೂ ಇದೆ ಅಂದರು. ಕೊನೇಲಾದರೂ ಇದೆಯಲ್ಲ, ಸಾಕು. ಅಜ್ಜಿ ಪಕ್ಕದಲ್ಲಿ ಕೂರೋದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲವಂತೆ. ಹಾಗಾದರೆ ಬರ್ಕೋ ಅಂದರು ಅತ್ತೆ. ವನಜಾ ಒಂದು ವಾರ ಮುಖ ಗಂಟು ಹಾಕಿದ್ದರು. ಲಿಖಿತ್ ತನ್ನ ತಾಯಿ ಹತ್ತಿರ ಏನು ಮಾತಾಡಿದನೋ, ಈಗ ಸರಿಯಾಗಿದಾರೆ. ನಿಮ್ಮಣ್ಣನಿಗೆ ಸುಕೃತಿ ಕೈಯಲ್ಲೇ ಲಗ್ನಪತ್ರಿಕೆ ಕಳಿಸಿದೀನಿ. ಎಲ್ಲರ ಹಾಗೆ ಬಂದು ಕುರ್ಚೀಲಿ ಕೂತು ಅಕ್ಷತೆ ಹಾಕಿ ಊಟ ಮಾಡ್ಕೊಂಡು ಹೋಗಲಿ.

ನೀನು ಕೇಳಿದ್ದಕ್ಕೆ ಉತ್ತರ. ಆ ತಂಗಿ ಎಲ್ಲಿದ್ದಳು ಅಂತ ನಾನು ಇನ್ನೂ ಹೇಳಿಲ್ಲ. ಅತ್ತೆ ಎರಡು ಸಲ ಕೇಳಿದರು, ಮಾತು ಮರೆಸಿದೆ. ಸೇಡು ತೀರಿಸ್ಕೊಳ್ಳೋ ಹಾಗಿದ್ದರೆ ಅವಳನ್ನ ಆ ಗೃಹಪ್ರವೇಶದ ರೇಷ್ಮೆ ಸೀರೇಲೇ ಕಾಡಿಗೆ ಅಟ್ಟಬಹುದಿತ್ತು. ಅಟ್ಟೋಣ ಅಂತಲೇ ಇದ್ದೆ. ಹದಿಮೂರು ವರ್ಷದಲ್ಲಿ ನೀನು ಬೇಕಾದಷ್ಟು ಕೇಳಿದೀಯ. ಅಮ್ಮನ ಮಾತ್ರೆ ಕೇಳಿದೆ, ಸುಕೃತಿ ಮಾರ್ಕ್ಸ್ ಕೇಳಿದೆ, ಅಣ್ಣನ ಸುದ್ದಿ ಕೇಳಿದೆ. ನಿಮಗೇನಾಯ್ತು ಅತ್ತಿಗೆ ಅಂತ ಒಂದು ಸಲ ಕೇಳಲಿಲ್ಲ. ಈಗ ಕೇಳಿದರೂ ಆ ತಂಗಿಗೇನಾಯ್ತು ಅಂತಲೇ ಕೇಳ್ತಿದೀಯ. ನಿನ್ನ ಕೊನೇ ಕಂತು ನಿನ್ನ ಹಣೆಬರಹ. ಅದಕ್ಕೆ ನನ್ನ ಕಡೆಯಿಂದ ಒಂದು ಸಾಲೂ ಸಿಗಲ್ಲ.

ಆದರೆ ಒಂದು ತೊಂದರೆ ಆಗಿದೆ. ನಿನ್ನೆ ಸುಕೃತೀನ ಮುಂದೆ ನಿಲ್ಲಿಸ್ಕೊಂಡು ಅತ್ತೆಗೂ ನನಗೂ ಅಭ್ಯಾಸ ಮಾಡಿಸಿದರು ಪುರೋಹಿತರು. ಅತ್ತೆ ಕೈಯೊಡ್ಡಿ ಹಿಡೀಬೇಕು, ನಾನು ಚೆಂಬಿಂದ ನೀರು ಬಿಡಬೇಕು, ಅದು ಅವರ ಕೈಯಿಂದ ಮಕ್ಕಳ ಕೈ ಮೇಲೆ ಇಳೀಬೇಕು. ಅತ್ತೆ ಕೈ ನಡುಗುತ್ತೆ. ಮಂತ್ರ ಮುಗಿಯೋ ತನಕ ಎತ್ತಿ ಹಿಡಿಯೋಕೆ ಆಗಲ್ಲ, ನೀರೆಲ್ಲ ಸುಕೃತಿ ಸೀರೆ ಮೇಲೆ ಹೋಯ್ತು. ಹಿಂದೆ ಕೂತು ಎರಡೂ ಮೊಣಕೈಗೆ ಆಸರೆ ಕೊಡೋಕೆ ಒಬ್ಬರು ಬೇಕು. ವನಜಾ ತಮ್ಮ ಕಡೆ ಹುಡುಗೀನ ಕಳಿಸ್ತೀನಿ ಅಂದರು. ಅತ್ತೆ ಬೇಡ ಅಂದರು. ಯಾರು ಬೇಕು ಅಂತ ಬಾಯಿಬಿಟ್ಟು ಹೇಳಲಿಲ್ಲ. ಅವರಿಗಿರೋದು ಒಬ್ಬಳೇ ಮಗಳು.

ಹದಿನೇಳನೇ ತಾರೀಖು ಭಾನುವಾರ, ಬೆಳಿಗ್ಗೆ ಮುಹೂರ್ತ. ಹಿಂದಿನ ದಿನವೇ ಬಂದುಬಿಡು. ಅವತ್ತೇ ಹೊರಟರೆ ಗೊರಗುಂಟೆಪಾಳ್ಯದಲ್ಲಿ ಸಿಕ್ಕಿಹಾಕ್ಕೊಳ್ತೀಯ. ಅತ್ತೆ ಪಕ್ಕದಲ್ಲಿ ಹಾಸಿಗೆ ಹಾಕ್ತೀನಿ. ನನ್ನ ಹತ್ತಿರ ಮಾತಾಡಬೇಕು ಅಂತೇನಿಲ್ಲ, ನಾನೂ ಆಡಲ್ಲ.

ಕ್ಷಮಿಸಿ ಕರೀತಿದೀನಿ ಅಂತ ತಿಳ್ಕೋಬೇಡ. ಕೈ ಸಾಲದೆ ಕರೀತಿದೀನಿ.

ಸೀತಾ